ಗಂಗಾ ಆವಕಾಯಿ ಡಾಟ್ ಕಾಮ್

ಇಲ್ಲಕ್ಕಾ, ಇಲ್ಲ! ಆ ಹೊಲಸು ಚಿತ್ರಗಳಿಗೂ ನಂಗೂ ಏನೇನೂ ಸಂಬಂಧ ಇಲ್ಲ. ಆ ತಿಮ್ಮಪ್ಪನಾಣೆ... ಮೊದ್ಲು ಕೂತ್ಕೊಳ್ಳಿ ಆಂಜಿನಮ್ಮಕ್ಕಾ. ರಾಯಲ್ಪಾಡಿಂದ ಬಸ್ಸಲ್ಲಿ ನಿಂತ್ಕೊಂಡೇ ಬಂದಿರ್ತೀರ. ಕುರ್ಚಿ ಬೇಡ್ವಾ? ಬೆಂಚು? ...ಸರಿ. ನಿಂತೇ ಇರಿ.

ಬಾಗಿಲ ಕಡೆ ಯಾಕೆ ನೋಡ್ತೀರ? ಯಾರೂ ಬರಲ್ಲ. ಹೋದ ವರ್ಷ ಬರಬೇಕಿತ್ತು ನೀವು, ಎರಡು ಸಾವಿರದ ಐದರಲ್ಲಿ! ಬಾಗಿಲ ತನಕ ಗಿರಾಕಿ. ಆಗ ಶ್ರೀನಿವಾಸಪುರದಲ್ಲಿ ವೆಬ್‌ಸೈಟ್ ಹೆಸರು ಬೇಕು ಅಂದ್ರೆ ಈ ಸುಬ್ರಹ್ಮಣ್ಯನ ಅಂಗಡಿ ಒಂದೇ.

ಆ ಹೆಸರು ಅಂದ್ರೆ ಅಂಗಡಿ ಬೋರ್ಡ್ ಇದ್ದಂಗೆ ಅಕ್ಕಾ. ಬಾಡಿಗೆ ಬೋರ್ಡು. ವರ್ಷಾವರ್ಷ ದುಡ್ಡು ಕಟ್ತಾ ಇರಬೇಕು. ಬಿಟ್ರೆ, ಎಲ್ಲೋ ಕೂತೋನು ಯಾವನೋ ಅದನ್ನ ಹಿಡ್ಕೊಂಡು ಅವನ ಕಸ ತುಂಬ್ತಾನೆ. ನಿಮ್ಮ ಮಗಳು ಗಂಗಾನ ಆವಕಾಯಿ ಉಪ್ಪಿನಕಾಯಿ ಸೈಟಿಗೂ ಹಂಗೇ ಆಯ್ತು. ಈಗ ಆ ಹೆಸರು ಹೊಡೆದ್ರೆ... ಹೌದು, ನಾನೂ ನೋಡ್ದೆ. ಹಂಗೆ ನೋಡಬೇಡಿ ನನ್ನ!

ಗೊತ್ತು. ಬಾಟ್ಲಿ ಮೇಲೆಲ್ಲಾ ಅದೇ ಹೆಸರು ಅಚ್ಚಾಗಿದೆ. ಬೈರಕೂರಿನ ಗಂಡಿನ ಕಡೆಯೋರು ಬಾಟ್ಲಿ ನೋಡಿ ಕಂಪ್ಯೂಟರಲ್ಲಿ ಹುಡುಕಿದ್ರು, ಮದುವೇನೇ ಬೇಡ ಅಂದ್ರಂತೆ. ಕಲ್ಲು ಮನಸಿನ ಜನ! ಹುಡುಗಿ ಗುಣ ನೋಡಬೇಕೋ, ಕಂಪ್ಯೂಟರ್ ನೋಡಬೇಕೋ?

ಊಟ ಮಾಡ್ತಾಳಾ, ಗಂಗಾ? ...ಅಕ್ಕಾ? ...ಮಾಡಲ್ವಾ.

ತಪ್ಪು ಯಾರದು, ನಾನು ಹೇಳ್ತೀನಿ. ಮುಳಬಾಗಲಿನ ಕದಿರೇಶಂದು! ವರ್ಷಕ್ಕೆ ಆರ್ನೂರು ಅಂತ ಮಾರ್ತಿದ್ದೆ. ಹೆಸರು ಕೊಡೋ ಬೊಂಬಾಯಿ ಕಂಪನಿಗೆ ನಾನೂರು ಹೋದ್ರೂ ನಂಗೆ ಏನೋ ಒಂದಿಷ್ಟು ಉಳೀತಿತ್ತು. ಇದೇ ವ್ಯಾಪಾರಕ್ಕೆ ಇಳಿದ ಇವನು, ಐನೂರು ಅಂದ. ನಾನು ನಾನೂರೈವತ್ತು ಅಂದೆ. ಅವನು ನಾನೂರಿಪ್ಪತ್ತು! ಅಷ್ಟರಲ್ಲಿ ಬೆಂಗಳೂರಿನೋರು ಪೇಪರಲ್ಲಿ ಹಾಕಿಸಿದ್ರು, ಮೊದಲ ವರ್ಷಕ್ಕೆ ತೊಂಬತ್ತೊಂಬತ್ತು. ತೊಂಬತ್ತೊಂಬತ್ತು, ಅಕ್ಕಾ! ನಾನೇನು ಮಣ್ಣು ತಿನ್ಲಾ? ಐದು ವರ್ಷಕ್ಕೆ ಸಾವಿರ ಅಂತ ಬರೆದು ನೇತುಹಾಕ್ದೆ. ಜನ ಮುಗಿಬಿದ್ರು. ಗಂಗಾನೂ ಕೊಟ್ಲು.

ಯಾಕೆ ಬೆರಳು ಮಡಿಸ್ತಿದ್ದೀರ? ಏನು ಎಣಿಸ್ತಿದ್ದೀರ? ...ಹೌದು. ಐದು ನಾನೂರು ಎರಡು ಸಾವಿರ. ಸಾವಿರಕ್ಕೆ ಗಿಟ್ಟಲ್ಲ. ಒಂದೇ ವರ್ಷಕ್ಕೆ ಕಟ್ಟಿದ್ದೆ. ಮಿಕ್ಕಿದ್ದು ಮುಂದೆ ಬರೋ ಗಿರಾಕಿ ದುಡ್ಡಲ್ಲಿ ಕಟ್ಟೋಣ ಅಂತ... ಎಲ್ರೂ ಮಾಡ್ತಾರಕ್ಕಾ! ಆದ್ರೆ ಅವಧಿ ಮುಗಿದಿದ್ದು ನಂಗೆ ಗೊತ್ತೇ ಆಗ್ಲಿಲ್ಲ. ಬೊಂಬಾಯಿಂದ ಈಮೇಲೇ ಬರ್ಲಿಲ್ಲ. ನಿಜವಾಗ್ಲೂ. ಬಂದಿದ್ರೆ ಬಿಡ್ತಿದ್ನಾ ನಾನು?

...ಮಾತಾಡಿ ಅಕ್ಕಾ. ಬೈಯಿರಿ. ಪೊಲೀಸಿಗೆ ಹೇಳ್ತೀನಿ ಅನ್ನಿ. ಯಾಕೆ ಆ ಕುರ್ಚೀನೇ ನೋಡ್ತಿದ್ದೀರ?

ಗಂಗಾ ಹೇಳಿದ್ಲಾ?

ಬಂದಿದ್ಲು. ಹೌದು, ಬಂದಿದ್ಲು. 'ಸೈಟು ಕಾಣ್ತಿಲ್ಲ ಅಣ್ಣಾ' ಅಂತ. ಅವಧಿ ಮುಗಿದು ಎಂಟೇ ದಿನ ಆಗಿತ್ತು. ಇನ್ನೂ ಕಟ್ಟಿ ಉಳಿಸ್ಕೋಬಹುದಿತ್ತು. ನನ್ನ ಖಾತೇಲಿ ಒಂದು ಹೆಸರಿಗೆ ಆಗೋವಷ್ಟು ದುಡ್ಡೂ ಇತ್ತು. ಒಂದೇ ಒಂದಕ್ಕೆ. ಆದ್ರೆ ಟೊಮೇಟೊ ಮಂಡಿ ಶ್ರೀರಾಮಪ್ಪ ಈ ಕುರ್ಚಿ ಮೇಲೆ ಕೂತಿದ್ದ. ಕದಿರೇಶನ ಗಿರಾಕಿ. ಮುನ್ನೂರೈವತ್ತಕ್ಕೇ ಮಾಡಿಕೊಡ್ತೀನಿ ಅಂತ ಕರೆಸಿದ್ದೆ. ನನ್ನ ಕೈಯಿಂದ ಐವತ್ತು ಹೋಗುತ್ತೆ ಅಂತ ಗೊತ್ತು, ಆದ್ರೂ ಅವನನ್ನ ಕದಿರೇಶನಿಂದ ಕಿತ್ಕೋಬೇಕು ಅನ್ನೋ ಹಟ... ಗಂಗಾ ಎದುರಿಗೇ ಆ ದುಡ್ಡನ್ನ ಅವನ ಹೆಸರಿಗೆ ಕಟ್ಟಿ ಬಟನ್ ಒತ್ತಿಬಿಟ್ಟೆ.

ಅವಳಿಗೆ, 'ಏನಿಲ್ಲ ಕಣಮ್ಮಾ, ಲೈನ್ ತೊಂದ್ರೆ. ಐದು ವರ್ಷ ನಿನ್ನ ಹೆಸರು ಯಾರೂ ಮುಟ್ಟಲ್ಲ' ಅಂದೆ.

ನಂಬಿದ್ಲು ಅಕ್ಕಾ. ಚಪ್ಪಲಿ ಹಾಕ್ಕೊಳ್ತಾ ತಿರುಗಿ ಶ್ರೀರಾಮಪ್ಪನಿಗೆ ಹೇಳಿದ್ಲು... 'ಇಲ್ಲೇ ಮಾಡಿಸ್ಕೊಳ್ಳಿ ಸಾರ್, ನಮ್ಮಣ್ಣ ಮೋಸ ಮಾಡಲ್ಲ' ಅಂತ.