ಏಳನೇ ದಿನಕ್ಕ ಬರೂ ಡಾಕ್ಟರ್

ಆ ಟಿವಿ ಬಂದ್ ಮಾಡ್ರಿ ಮೊದಲ. ಹಾಂ... ಈಗ ಕೇಳ್ರಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ, ನಮ್ಮ ಕಾಕಾನ ಮಗ ಚೇತನಗ ಆಗಿದ್ದು. ನಗೂದಿದ್ರ ಈಗೇ ನಕ್ಕುಬಿಡ್ರಿ, ನಡುವ ನಕ್ರ ನಾ ಎದ್ದು ಹೋಗಾಕಿ.

ಆಂಟಾಪ್ ಹಿಲ್‌ನಾಗ ನಮ್ಮ ಕಾಲನಿ ಹಿಂದ ಜಾಳಿಗಿ ಹಾಕಿದ ಬಾವಿ ಐತಿ, ಬಾಜೂಕ ಆಲದ ಮರ. ಚೇತನಂದು ಆ ವಾರ ಎರಡನೇ ಪಾಳಿ. ಫೋರ್ಟ್‌ನಾಗ ಕೆಲಸ ಮುಗಿಸಿ, ಕಡೀ ಲೋಕಲ್ ರೈಲು ಹಿಡದು, ರಾತ್ರಿ ಒಂದರ ಸುಮಾರಿಗೆ ಆ ಹಾದೀಲೆ ಬರಾಕತ್ತಿದ್ದ. ಹಿಂದ ಸಪ್ಪಳ. ಕಿರ್ರ್... ಟಪ್. ಕಿರ್ರ್... ಟಪ್.

ಆ ಚಪ್ಪಲಿ ಸಪ್ಪಳ ನಮ್ಮ ಕಾಲನ್ಯಾಗ ಸಣ್ಣ ಹುಡುಗರಿಗೂ ಗೊತ್ತು. ಬಸವಂತರಾಯ ಡಾಕ್ಟರದು. ಅವರು ಸತ್ತು ಒಂದೂವರಿ ತಿಂಗಳಾಗಿತ್ತು.

ಎಂಥಾ ಮನಷ್ಯಾ ಅಂತೀರಿ! ನಲವತ್ತು ವರ್ಷ ನಮ್ಮ ಕೂಸುಗಳನ್ನ ನೋಡಿದವರು. ನನಗ ದಡಾರ ಎದ್ದಾಗ ನೋಡಿದ್ದೂ ಅವರೇ, ನನ್ನ ಮಗಗ ನೋಡಿದ್ದೂ ಅವರೇ. ಐತವಾರ ಪೋಲಿಯೋ ಹನಿ ಹಾಕಾಕ ಚಾಳ್ ಚಾಳ್ ತಿರಗ್ತಿದ್ರು. ಮತ್ತ ಅವರದೊಂದು ಹುಚ್ಚಿತ್ತು. ಪುಡಿಗೆ ನೀರು ಕಲಿಸಿ ಕೊಡೂ ಔಷಧ ಇರ್ತೈತಲ್ಲ, ಅದರ ಬಾಟ್ಲಿಗೆ ಬಿಳೀ ಪಟ್ಟಿ ಹಚ್ಚಿ ನೀಲಿ ಪೆನ್ನಿಲೆ ತಾರೀಖು ಬರೀತಿದ್ರು. ವಾರಕ್ಕ ಅದು ಕೆಡ್ತೈತಂತ ಏಳನೇ ದಿನ ಖುದ್ದ ಮನೀಗೆ ಬಂದು, "ಉಳದದ್ದು ಚೆಲ್ಲೀರೇನು?" ಚೆಲ್ಲಿರಲಿಲ್ಲಂದ್ರ ತಾವೇ ಮೋರ್ಯಾಗ ಸುರುವಿ, ಬಾಟ್ಲಿ ತೊಳದು ಬಾಯಿ ಕೆಳಗ ಮಾಡಿ ಡಬ್ಬ ಹಾಕಿ, ತಾರೀಖಿನ ಮ್ಯಾಲ ಗೆರಿ ಎಳದು ಹೋಗಾವ್ರು. ನಾವು ಹೆಣ್ಣಮಕ್ಕಳೇನ್ ಕಮ್ಮಿ? ಇನ್ನೊಂದು ಕೂಸಿಗೆ ಆಗ್ತೈತಿ ಅಂತ ಜ್ವಾಳದ ಡಬ್ಬಿ ಹಿಂದ ಮುಚ್ಚಿಡ್ತಿದ್ವಿ.

ಆದ್ರ ಚೇತನನ ಮಗಳು ಯಕ್ಷಿತಾಗ ಆ ಔಷಧ ಆಗೂದಿಲ್ಲ. ವರ್ಷದ ಕೂಸಿದ್ದಾಗ ಒಂದೇ ಚಮಚಾಕ್ಕ ಮೈ ಬಾತು ಉಸಿರು ಕಟ್ಟಿತ್ತು. ಡಾಕ್ಟರೇ ಎತ್ತಿಕೊಂಡು ದವಾಖಾನಿಗೆ ಓಡಿದ್ರು. ಮುಂದ ಅಕಿ ಅಣ್ಣ ಅಮೋಲಗ ಅದೇ ಔಷಧ ಕೊಡೂದು ಬಂತು. ಏಳನೇ ದಿನ ಬೆಳಿಗ್ಗೆ ಡಾಕ್ಟರ್ ಬಾಗಿಲಿಗೆ ಬಂದ್ರು. ಚೇತನಗ ಲೋಕಲ್ ತಪ್ತೈತಿ ಅಂತ ಅವಸರ. ಒಳಗ ನೋಡ್ಲಿಲ್ಲ, ಕೇಳ್ಲಿಲ್ಲ, "ಚೆಲ್ಲೀವ್ರಿ ಸರ್" ಅಂದುಬಿಟ್ಟ. ಅವರು ನಂಬಿದ್ರು. ಇಳದು ಹೋಗಿ ಬಾವಿ ಕಟ್ಟಿ ಮ್ಯಾಲ ಕುಂತ್ರು... ಮತ್ತ ಏಳಲಿಲ್ಲ.

ಈಗ ಅದೇ ಕಟ್ಟಿ ಕಡಿಂದ ದನಿ ಬಂತು. ಸಣ್ಣಗ.

"ಚೇತನ... ಉಳದದ್ದು ಚೆಲ್ಲೀರೇನು?"

ರೂಢಿ ನೋಡ್ರಿ, "ಚೆಲ್ಲೀವ್ರಿ" ಅಂತ ಬಾಯಿತನಕ ಬಂದಿತ್ತಂತ. ನುಂಗಿದ.

"ಗೊತ್ತಿಲ್ರಿ ಸರ್... ಅವತ್ತ ಸುಳ್ಳ ಹೇಳಿದ್ನಿರಿ."

"ಓಡು."

ಓಡಿದ. ಬಿಲ್ಡಿಂಗಿನ ಮೆಟ್ಟಲಕ್ಕ ಕಾಲಿಟ್ಟಾಗ ಆ ಸಪ್ಪಳ ಹಿಂದ ಇರಲಿಲ್ಲ. ಮ್ಯಾಲಿತ್ತು. ಅವನಕಿಂತ ಮೊದಲ ಏರಾಕತ್ತಿತ್ತು... ಕಿರ್ರ್, ಟಪ್.

ಮನ್ಯಾಗ ನಮ್ಮ ಚಿಗವ್ವ ಮಲ್ಲವ್ವ, ಚೇತನನ ಅವ್ವ, ಮೊಮ್ಮಗಳ ಜೋಡಿ ಒಬ್ಬಾಕಿನೇ ಇದ್ಲು. ಸೊಸಿ ಅಮೋಲನ್ನ ಕರಕೊಂಡು ತವರಿಗೆ ಹೋಗಿದ್ಲು. ಕೂಸಿನ ಮೈ ಬಾತಾಗ ಚಿಗವ್ವ ಊರಾಗಿದ್ಲು, ಅಕಿಗೇನ್ ಗೊತ್ತು ಪಾಪ? ಚೇತನ ದಬದಬ ಬಾಗಿಲ ಬಡದ. ಒಳಗಿನ ಚಿಲಕ ತಗದ್ಲು. ಕೈಯಾಗ ಚಮಚಾ, ಬಾಟ್ಲಿ.

"ಕೂಸಿಗೆ ಜ್ವರಾ ಬಂದು ಮೈ ಸುಡಾಕತ್ತೈತಪಾ. ಅಮೋಲನ ಔಷಧ ಮುಚ್ಚಿಟ್ಟಿದ್ನಿ..."

"ಕುಡಿಸಿದೇನಬೇ?" ಚೀರಿದ.

"ಏನ್ ಕುಡಸ್ಲಿ? ಅರ್ಧಾ ಬಾಟ್ಲಿ ಇತ್ತು, ಈಗರ ಅಲ್ಲಾಡಿಸಿ ನೋಡೀನಿ. ಚಮಚಾ ತಗೊಳ್ಳಾಕ ತಿರಗೀನಷ್ಟ... ಬಾಟ್ಲಿ ಮೋರ್ಯಾಗ ಡಬ್ಬ ಇತ್ತು."

ಖಾಲಿ. ತೊಳದ ಬಾಟ್ಲಿ. ನೀರು ತೊಟ್ಟಿಕ್ಕಾಕತ್ತಿತ್ತು... ಟಕ್. ಟಕ್.

ಹಂಗೇ ಕೂಸನ್ನ ಎತ್ತಿಕೊಂಡು ದವಾಖಾನಿಗೆ ಓಡಿದ್ರು. ಸಾದಾ ಜ್ವರ, ಮೂರು ದಿನಕ್ಕ ಇಳೀತು. ಹುಡುಗಿ ಈಗ ಬಾಲವಾಡಿಗೆ ಹೋಗ್ತಾಳ, ಬೇಕಾದ್ರ ಬಂದು ನೋಡ್ರಿ. ಚೇತನಗ ಮಾತ್ರ ನಿದ್ದಿ ಇಲ್ಲ. "ಶೈಲಕ್ಕಾ, ಅವರು ಕೇಳಿದ ಕಡೀ ಮಾತಿಗೆ ನಾ ಸುಳ್ಳ ಹೇಳಿ ಕಳಿಸಿದ್ನಲ್ಲ" ಅಂತ ನನ್ನ ಮುಂದ ಸಣ್ಣ ಹುಡುಗರಂಗ ಅತ್ತ.

ಆ ರಾತ್ರಿ ಕಳದು ಬೆಳಗಾದ ಕೂಡ್ಲೆ ನಾ ಅವರ ಮನೀಗೆ ಹೋದಾಗ ಬಾಟ್ಲಿ ಅಲ್ಲೇ ಇತ್ತು. ಈ ಕೈಯಾಗ ಹಿಡದು ನೋಡೀನಿ, ಸುಳ್ಳ ಹೇಳಿದ್ರ ನನ್ನ ನಾಲಿಗಿ ಬಿದ್ದು ಹೋಗ್ಲಿ. ಬಿಳೀ ಪಟ್ಟಿ, ತಾರೀಖು. ತಾರೀಖಿನ ಮ್ಯಾಲ ಒಂದು ನೀಲಿ ಗೆರಿ. ಹೆಬ್ಬಟ್ಟು ತಿಕ್ಕಿದೆ... ಶಾಯಿ ಕೈಗೆ ಹತ್ತಿತು.