ಬಡಿದದ್ದಕ್ಕೆ ಗಂಟೆ

ಆ ಕಂದೀಲು ಸ್ವಲ್ಪ ಸಣ್ಣ ಮಾಡಿ. ನಗುವವರು ಈಗಲೇ ನಕ್ಕು ಮುಗಿಸಿ. ನಡುವೆ ನಕ್ಕರೆ ನಾನು ಎದ್ದು ಹೋಗುವವನೇ.

ಇದು ಯಾರೋ ಎಲ್ಲೋ ಕೇಳಿದ್ದಲ್ಲ. ನನ್ನ ಸೋದರತ್ತೆ ಹೊಳೆವ್ವನ ಕಿರಿಯ ಮಗ ಸಿದರಾಯನಿಗೆ ಆದದ್ದು. ತೊಂಬತ್ತೊಂದನೆಯ ಇಸವಿ. ಶೇಡಬಾಳದ ಆಚೆ, ಕೃಷ್ಣಾ ಹೊಳೆಯ ದಂಡೆಗೆ ಅಂಟಿಕೊಂಡ ಊರು. ಹೆಸರು ಬೇಡ. ಆ ಊರವರು ಇನ್ನೂ ಹೆಣ್ಣು ಕೊಟ್ಟು ತರುವುದಿದೆ.

ಮೇ ತಿಂಗಳ ಕೊನೆ. ನಿಪ್ಪಾಣಿ ಕಡೆಯಿಂದ ಬಂದ ಕೊನೆಯ ಬಸ್ಸು ಇಬ್ಬರನ್ನು ಊರಿನ ದಾರಿ ಒಡೆಯುವ ಫಾಟಾದಲ್ಲಿ ಇಳಿಸಿ ಹೋಯಿತು. ಸಿದರಾಯನ ಹೆಗಲ ಮೇಲೆ ಒಂದು ರಟ್ಟಿನ ಡಬ್ಬಿ. ಹಿಂದೆ ಅವನ ಅಣ್ಣನ ಹೆಂಡತಿ ಕುಸುಮ, ಏಳು ತಿಂಗಳ ಬಸುರಿ. ಊರಿಗೆ ಹೋಗುವ ದಾರಿಯಲ್ಲಿ, ಹೊಳೆಯ ದಂಡೆಗೇ, ಒಂದು ಹಾಳು ಬಾವಿ, ಅದರ ಮೇಲೆ ಬಾಗಿದ ಆಲದ ಮರ. ಬಸುರಿ ಹೆಂಗಸು ಕತ್ತಲಲ್ಲಿ ದಾಟುವ ಜಾಗವಲ್ಲ ಅದು. ಆದರೆ ಬೇರೆ ದಾರಿಯಾದರೂ ಎಲ್ಲಿದೆ?

ಆಲದ ಕೆಳಗೆ ಕುಸುಮ ಗಕ್ಕನೆ ನಿಂತಳು.

ಹೊಳೆಯ ಕಡೆಯಿಂದ... ಟಕ್. ಟಕ್.

ಬಿದಿರಿನ ಬುಡ ಕಬ್ಬಿಣಕ್ಕೆ ಬಡಿದ ಸದ್ದು.

"ಕೇಳ್ತೇನು?" ಕುಸುಮ ಪಿಸುಗುಟ್ಟಿದಳು.

"ಏನೂ ಇಲ್ಲ ವೈನಿ. ನಡೀರಿ."

"ಎರಡ ಸಲ ಬಡದಂಗಾತು."

"ಯಾರರೆ ಅರಿವಿ ಒಗಿಯಾಕತ್ತಿರಬೇಕು."

"ಈ ಹೊತ್ತಿನಾಗ?" ಅವಳು ಹೊಳೆಯ ಕಡೆಗೇ ತಿರುಗಿದಳು. ಆಮೇಲೆ ಕೇಳಿದಳು. "ಸಿದರಾಯ... ಆವತ್ತ ನೀ ಗಂಟಿ ಹೊಡದಿದ್ದೇನು?"

ಸಿದರಾಯ ಡಬ್ಬಿಯನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿ ನಡೆಯತೊಡಗಿದ.

ಯಾವ ಗಂಟೆ ಅನ್ನುತ್ತೀರಾ? ತಡೆಯಿರಿ, ಹೇಳುತ್ತೇನೆ.

ಸಿದರಾಯ, ಅವನ ಅಣ್ಣ ಮಲಕಾರಿ, ಇಬ್ಬರೂ ಕುರಿ ಕಾಯುವವರು. ಕುರಿ ಹಿಂಡು ಮಾರಿ, ಕುಸುಮಳ ಕೈಯ ಚಿನ್ನದ ಪಾಟಲಿಯನ್ನೂ ಸೇರಿಸಿ, ರತ್ನಾಗಿರಿ ಕಡೆ ಖಾಡಿಯಲ್ಲಿ, ಅಂದರೆ ಸಮುದ್ರದ ಹಿನ್ನೀರಿನಲ್ಲಿ, ಓಡಿ ಮುದಿಯಾದ ಒಂದು ಲಾಂಚು ತಂದರು. ಹೊಳೆ ದಾಟಿಸುವ ಕೆಲಸ. ಕುರಿ ಕಾಯುವವರು ನೀರಿಗಿಳಿದರು ಅಂತ ಊರೆಲ್ಲ ಹಲ್ಲು ಕಿಸಿಯಿತು. ಕೊನೆಗೆ ಮುದುಕ ಲಗಮಣ್ಣ, ಜೀವಮಾನವೆಲ್ಲ ನಾವೆ ನಡೆಸಿದವನು, ಕರುಣೆಯಿಂದ ಕೆಲಸ ಕಲಿಸಿದ.

ಕೆಲಸ ಹೀಗೆ. ಲಾಂಚಿನ ಮೂತಿಯಲ್ಲಿ ಮಲಕಾರಿ ಉದ್ದ ಬಿದಿರಿನ ಗಳ ಹಿಡಿದು ನಿಲ್ಲಬೇಕು, ನೀರಿನ ಆಳ ನೋಡುತ್ತಾ, ಮುಂದೆ ಕಣ್ಣಿಟ್ಟು. ಸಿದರಾಯ ಹಿಂದೆ, ಎಂಜಿನ್ನಿನ ಹತ್ತಿರ. ಡಬ್ ಡಬ್ ಡಬ್ ಅನ್ನುವ ಆ ಎಂಜಿನ್ನಿನ ಗದ್ದಲದಲ್ಲಿ ಕೂಗಿದರೆ ಕೇಳುವುದಿಲ್ಲ. ಅದಕ್ಕೆ ಮೂತಿಯ ಹಲಗೆಗೆ ಒಂದು ಕಬ್ಬಿಣದ ತಗಡು ಹೊಡೆದಿದ್ದರು. ಗಳದ ಬುಡದಿಂದ ಅದರ ಮೇಲೆ ಒಂದು ಸಲ ಬಡಿದರೆ, ನೀರಿದೆ, ನಡಿ. ಎರಡು ಸಲ ಬಡಿದರೆ, ನಿಲ್ಲಿಸು, ಹಿಂದೆ ತೆಗೆ. ಪ್ರತಿ ಬಡಿತಕ್ಕೂ ಹಿಂದಿನವನು ಗಂಟೆ ಹೊಡೆಯಬೇಕು. ಕೇಳಿತು ಅಂತ ತಿಳಿಸಬೇಕು.

"ಅಲ್ಲಿ ಮುಂದ ಅಂವಾ ಒಬ್ಬನ ಇರ್ತಾನ," ಅಂದಿದ್ದನಂತೆ ಲಗಮಣ್ಣ. "ಬಡದದ್ದಕ್ಕ ಗಂಟಿ ಹೊಡಿ. ಹೊಡೀದ ಇರಬ್ಯಾಡ."

ಆದರೆ ಆ ಲಾಂಚಿನ ಜೊತೆ ಒಂದು ಯಂತ್ರವೂ ಬಂದಿತ್ತು. ದುಂಡನೆಯ ಮುಖ, ಅದರಲ್ಲಿ ಕೆಂಪು ದೀಪ. ಕೆಳಗೆ ಎಷ್ಟು ನೀರಿದೆ ಅಂತ ದೀಪ ತೋರಿಸುತ್ತಿತ್ತು. ಸಿದರಾಯನಿಗೆ ಅದರ ಮೇಲೆ ಹೊಸ ಹೆಂಡತಿಯ ಮೇಲಿನಷ್ಟು ಮೋಹ.

ಹಿಂದಿನ ವರ್ಷ ದೀಪಾವಳಿ ಮುಗಿದ ಮೇಲಿನ ಒಂದು ಮುಸ್ಸಂಜೆ. ಲಾಂಚಿನಲ್ಲಿ ಕಬ್ಬು ಕಡಿಯುವವರು ತುಂಬಿದ್ದರು. ಹೊಳೆ ಇಳಿದಿತ್ತು. ಮಲಕಾರಿ ಎರಡು ಬಡಿದ. ಸಿದರಾಯ ಯಂತ್ರ ನೋಡಿದ. ಬೇಕಾದಷ್ಟು ನೀರು ತೋರಿಸುತ್ತಿತ್ತು. ಅಣ್ಣನಿಗೆ ಸುಮ್ಮನೆ ಹೆದರಿಕೆ ಅಂದುಕೊಂಡ. ಗಂಟೆ ಹೊಡೆಯಲಿಲ್ಲ. ಮತ್ತೆ ಎರಡು... ಮತ್ತೆ ಎರಡು... ಆಮೇಲೆ ಲಾಂಚು ಬಂಡೆಗೆ ಬಡಿಯಿತು. ಮಂದಿ ಒಬ್ಬರ ಮೇಲೊಬ್ಬರು ಬಿದ್ದು ಎದ್ದರು. ಮೂತಿಯಲ್ಲಿ ಮಾತ್ರ ಯಾರೂ ಇರಲಿಲ್ಲ. ಯಂತ್ರ ಕೆಟ್ಟು ಎಷ್ಟು ದಿನವಾಗಿತ್ತೋ, ಕೆಂಪು ದೀಪ ನಿಂತಲ್ಲೇ ನಿಂತಿತ್ತು.

ಬಲೆ ಹಾಕಿದರು, ಕೆಳಗಿನ ಊರುಗಳಿಗೆ ಹೇಳಿ ಕಳಿಸಿದರು. ಹೆಣ ಸಿಗಲಿಲ್ಲ.

ಹೆಣ ಸಿಗಲಿಲ್ಲ ಅಂದ ಮೇಲೆ ನನ್ನತ್ತೆ ಹೊಳೆವ್ವ ಪಟ್ಟು ಹಿಡಿದಳು. "ನನ್ನ ಮಗ ಎಲ್ಲೋ ದಂಡಿ ಹತ್ಯಾನ. ಬರ್ತಾನ." ಸತ್ತವರಿಗೆ ಮಾಡುವ ದಿನ ಮಾಡಲು ಬಿಡಲಿಲ್ಲ. ಕುಸುಮಳ ಹಣೆಯ ಕುಂಕುಮ, ಕೈಯ ಹಸಿರು ಬಳೆ ಹಾಗೇ ಉಳಿದವು. ಅವಳು ಮುತ್ತೈದೆಯೋ ಅಲ್ಲವೋ ಅಂತ ಊರ ಹೆಂಗಸರು ಬೆನ್ನ ಹಿಂದೆ ಆಡಿಕೊಂಡರು. ಅವಳಿಗೂ ಗೊತ್ತಿರಲಿಲ್ಲ, ಪಾಪ. ದಿನಾ ರಾತ್ರಿ ಬಾಗಿಲ ಕಡೆ ಕಿವಿ ಇಟ್ಟು ಮಲಗುತ್ತಿದ್ದಳು.

ಲಾಂಚು ದಂಡೆಯಲ್ಲಿ ಬಿದ್ದಿತ್ತು. ಮೂತಿಯಲ್ಲಿ ನಿಲ್ಲಲು ಯಾವ ಗಂಡಸೂ ತಯಾರಿರಲಿಲ್ಲ. ಕೊನೆಗೆ ಸಿದರಾಯ ಹಳೆಯ ಯಂತ್ರ ಕಿತ್ತು ಹೊಳೆಗೆ ಎಸೆದು, ಹೊಸದು ತರಲು ಹೊರಟ. ಕುಸುಮ ನಾನೂ ಬರುತ್ತೇನೆ ಅಂದಳು. ಲಾಂಚಿನಲ್ಲಿ ಅವಳ ಚಿನ್ನವೂ ಇತ್ತು, ಗಂಡನೂ ಹೋಗಿದ್ದ. ಬೇಡ ಅನ್ನಲು ಯಾರಿಗೆ ಬಾಯಿ ಬಂದೀತು?

ನಿಪ್ಪಾಣಿಯಲ್ಲಿ ರಾಜಾರಾಮನ ರೇಡಿಯೋ ಅಂಗಡಿ. ಅವನು ಮುಂಬೈಯಿಂದ ಎರಡು ಯಂತ್ರ ತರಿಸಿಟ್ಟಿದ್ದ. ಒಂದು ಯಾರೋ ಬಳಸಿದ್ದು, ಹಳೆಯದರ ಜಾತಿಯದೇ, ಕೆಂಪು ದೀಪದ್ದು. ಹಳೆಯ ತಂತಿಗೆ, ಲಾಂಚಿನ ತಳದ ಹಳೆಯ ತೂತಿಗೆ ಸರಿಯಾಗಿ ಕೂಡುತ್ತಿತ್ತು. ಇನ್ನೊಂದು ಹೊಸದು. ಗಾಜಿನಲ್ಲಿ ಅಂಕಿ ಮೂಡುತ್ತಿತ್ತು, ನೀರು ಕಡಿಮೆಯಾದರೆ ಕುಂಯ್ ಕುಂಯ್ ಅಂತ ಕೂಗುತ್ತಿತ್ತು. ಆದರೆ ತಂತಿ ಬೇರೆ, ತೂತು ದೊಡ್ಡದು ಮಾಡಬೇಕು.

"ಇದು ತಳಕ್ಕ ಒಂದ ಸಪ್ಪಳಾ ಕಳಸತೈತ್ರಿ," ರಾಜಾರಾಮ ವಿವರಿಸಿದ. "ಅದು ತಳಕ್ಕ ಬಡದ ತಿರುಗಿ ಬರೂತನಾ ಕಾಯತೈತಿ. ಎಷ್ಟ ತಡಾ ಆತು ಅನ್ನೂದರ ಮ್ಯಾಲ ಆಳಾ ಹೇಳತೈತಿ."

"ಮುಂದ ಇರೂದು ಕಾಣತೈತೇನ್ರಿ?" ಕುಸುಮ ಕೇಳಿದಳು.

"ಮುಂದಿಂದಲ್ರಿ ಅಕ್ಕಾರ, ಕೆಳಗಿಂದಷ್ಟ. ಮುಂದಿಂದು ಬೇಕಂದ್ರ ರಡಾರ ಬೇಕು. ಅದು ದೊಡ್ಡ ಹಡಗಿಗೆ."

ಸಿದರಾಯನ ಕೈ ಕೆಂಪು ದೀಪದ್ದರ ಮೇಲೇ ಇತ್ತು. ಕೂಡಿಸಲು ಸಲೀಸು ಅನ್ನುವುದೇ ಅವನ ವಾದ.

"ತೋರಸೂದು ಇತ್ತಲ್ಲ, ಏನಾತು?" ಅಂದಳು ಕುಸುಮ. "ಕೂಗೂದು ತಗೋ."

ಆ ರಾತ್ರಿ ಅವನ ಹೆಗಲ ಮೇಲಿದ್ದದ್ದು ಅದೇ ಡಬ್ಬಿ.

ಲಾಂಚನ್ನು ದಂಡೆಗೆಳೆದು, ತೂತು ಕೊರೆದು, ತಳಕ್ಕೆ ಯಂತ್ರದ ಬಟ್ಟಲು ಕೂಡಿಸಿ ಡಾಂಬರು ಮೆತ್ತಿದರು. ನೀರಿಗಿಳಿಸಿ ನೋಡಿದರೆ ಯಂತ್ರ ಬಂಗಾರದಂಥದ್ದು. ದಂಡೆಯ ಹತ್ತಿರ ಕೂಗುತ್ತಿತ್ತು, ಆಳಕ್ಕೆ ಹೋದರೆ ಸುಮ್ಮನಾಗುತ್ತಿತ್ತು. ಮೂತಿಯ ತಗಡನ್ನು ಮಾತ್ರ ಯಾರೂ ಮುಟ್ಟಲಿಲ್ಲ. ತಿಂಗಳುಗಟ್ಟಲೆ ಬಡಿತವಿಲ್ಲದೆ ಅದು ಪೂರ್ತಿ ತುಕ್ಕು ಹಿಡಿದು ಕೆಂಪಗಾಗಿತ್ತು. ಈ ತಗಡು ನೆನಪಿರಲಿ.

ಜೂನಿನಲ್ಲಿ ವಟ ಹುಣ್ಣಿಮೆ ಬಂತು. ನಮ್ಮ ಗಡಿ ಭಾಗದಲ್ಲಿ ಮರಾಠಿ ಮಂದಿಯಂತೆ ನಮ್ಮ ಹೆಂಗಸರೂ ಆ ದಿನ ಗಂಡನ ಆಯುಷ್ಯಕ್ಕಾಗಿ ಆಲದ ಮರಕ್ಕೆ ನೂಲು ಸುತ್ತುತ್ತಾರೆ. ಕುಸುಮ ಬರುತ್ತಾಳೋ ಇಲ್ಲವೋ ಅಂತ ಊರೇ ಕಣ್ಣು ನೆಟ್ಟು ಕೂತಿತ್ತು. ಹೊಳೆವ್ವ ಸೊಸೆಯ ರಟ್ಟೆ ಹಿಡಿದು ಕರೆತಂದಳು. ಹಾಳು ಬಾವಿಯ ಆಲಕ್ಕೆ, ತುಂಬಿದ ಹೊಟ್ಟೆ ಹೊತ್ತು, ಕುಸುಮ ಬಿಳಿ ನೂಲು ಸುತ್ತಿದಳು. ತುದಿಗೆ ತನ್ನ ಹಳದಿ ಕುಪ್ಪಸದ ಒಂದು ಚೂರು ಬಟ್ಟೆ ಕಟ್ಟಿದಳು. ನಾನು ಅಲ್ಲೇ ನಿಂತಿದ್ದೆ. ನಾನು ಮುಖ ಆಚೆ ತಿರುಗಿಸಿದೆ, ಸುಳ್ಳೇಕೆ ಹೇಳಲಿ.

ಜುಲೈ ಕೊನೆಗೆ ಹೊಳೆ ಏರಿತು. ಮೇಲಿನ ಡ್ಯಾಮಿನಿಂದ ನೀರು ಬಿಟ್ಟರು. ಊರಿಗೆ ಬರುವ ರಸ್ತೆಯ ಮೇಲೆ ಎದೆಯುದ್ದ ನೀರು. ಕರೆಂಟಿಲ್ಲ. ಆ ರಾತ್ರಿಯೇ ಕುಸುಮಳಿಗೆ ನೋವು ಶುರುವಾಯಿತು. ಸೂಲಗಿತ್ತಿ ದುಂಡವ್ವ ಹೊಟ್ಟೆ ಮುಟ್ಟಿ ನೋಡಿ ಹೊರಗೆ ಬಂದಳು.

"ಕೂಸು ಅಡ್ಡ ಐತಿ. ನನ್ನ ಕೈಲಿ ಆಗೂದಿಲ್ಲ. ದವಾಖಾನಿಗೆ ಒಯ್ಯದಿದ್ರ ತಾಯೀನೂ ಇಲ್ಲ, ಕೂಸೂ ಇಲ್ಲ."

ದವಾಖಾನೆ ಇದ್ದದ್ದು ಆಚೆ ದಂಡೆಯಲ್ಲಿ, ರಾಯಬಾಗ ಕಡೆ.

ಇನ್ನು ಮುಂದಿನದನ್ನು ನನಗೆ ಹೇಳಿದವರು ಇಬ್ಬರು. ಸಿದರಾಯ ಒಮ್ಮೆ, ದುಂಡವ್ವ ಬೇರೆ ಒಮ್ಮೆ. ಇಬ್ಬರ ಮಾತಿಗೂ ಒಂದು ಕೂದಲಿನಷ್ಟು ವ್ಯತ್ಯಾಸವಿಲ್ಲ.

ಎಂಜಿನ್ನಿನ ಪಕ್ಕ, ತಾಡಪತ್ರಿಯ ಕೆಳಗೆ, ಕುಸುಮಳನ್ನು ಮಲಗಿಸಿದರು. ಅತ್ತ ಹೊಳೆವ್ವ, ಇತ್ತ ದುಂಡವ್ವ. ಮೂತಿ ಖಾಲಿ. ಮಳೆ ಎಷ್ಟು ದಪ್ಪವೆಂದರೆ ಲಾಂಚಿನ ದೀಪದ ಬೆಳಕು ಮೂತಿಯನ್ನೂ ಮುಟ್ಟುತ್ತಿರಲಿಲ್ಲ. ಸಿದರಾಯ ಯಂತ್ರವನ್ನೇ ನೋಡುತ್ತಾ ನಡೆಸಿದ. ಅಂಕಿ ಏರುತ್ತಿತ್ತು. ಯಂತ್ರ ಸುಮ್ಮನಿತ್ತು. ಸುಮ್ಮನಿದೆ ಅಂದರೆ ಆಳವಿದೆ.

ನಡುಹೊಳೆ.

ಟಕ್. ಟಕ್.

ಮೂತಿಯಿಂದ.

ಸಿದರಾಯ ಯಂತ್ರ ನೋಡಿದ. ಸುಮ್ಮನಿತ್ತು. ಕೆಳಗೆ ಆನೆ ಮುಳುಗುವಷ್ಟು ನೀರು.

ಟಕ್. ಟಕ್.

"ಅಣ್ಣ ನನ್ನ ಒಯ್ಯಾಕ ಬಂದಾನ ಅಂತ ತಿಳಕೊಂಡ್ನಿ," ಅಂದ ಸಿದರಾಯ ನನ್ನ ಹತ್ತಿರ. "ಆ ಸೆಳವಿನಾಗ ನಿಂದ್ರಿಸಿದ್ರ ಎಲ್ಲಾರೂ ಹೋದಂಗ. ಅಂವಗ ಅದ ಬೇಕಾಗೈತಿ ಅನಸ್ತು. ತಪ್ಪ ಅನ್ನಾಕ ನನಗ ಏನ ಹಕ್ಕ ಐತಿ?"

ಹೊಳೆವ್ವ ಅವನ ಕಾಲು ಹಿಡಿದಳು. "ಗಂಟಿ ಮುಟ್ಟಬ್ಯಾಡ," ಪಿಸುಗುಟ್ಟಿದಳು. "ರಾತ್ರಿ ಕರದವರಿಗೆ ಓ ಅನಬಾರದು... ಅದು ನನ್ನ ಮಗ ಅಲ್ಲ. ನನ್ನ ಮಗ ಬದಕ್ಯಾನ."

ಟಕ್ ಟಕ್. ಟಕ್ ಟಕ್. ಈಗ ಅವಸರದಿಂದ.

ತಾಡಪತ್ರಿಯ ಕೆಳಗಿಂದ ಕುಸುಮಳ ದನಿ ಬಂತು. ನೋವಿನ ನಡುವೆ, ಹಲ್ಲು ಕಚ್ಚಿ.

"ಸಿದರಾಯ. ಗಂಟಿ ಹೊಡಿ."

"ವೈನಿ..."

"ಆವತ್ತ ಹೊಡೀಲಿಲ್ಲ ನೀ. ಇವತ್ತ ಹೊಡಿ."

ಸಿದರಾಯ ಗಂಟೆಯ ಹಗ್ಗ ಜಗ್ಗಿದ.

ಠಣ್...

ಎಂಜಿನ್ನನ್ನು ಹಿಂದಕ್ಕೆ ಹಾಕಿದ. ಲಾಂಚು ನಡುಗಿತು, ನರಳಿತು, ನಿಂತಿತು. ಆಗ ಮುಂದೆ ಏನೋ ಬಂತು. ಮೊದಲು ಸದ್ದು... ಚರ್‌ರ್‌ರ್... ಟೊಂಗೆಗಳು ನೀರು ಸೀಳುವ ಸದ್ದು. ದುಂಡವ್ವ ಕೈಯಲ್ಲಿದ್ದ ಬ್ಯಾಟರಿ ಬೆಳಕು ಬಿಟ್ಟಳು. ಬುಡಸಮೇತ ಕಿತ್ತು ಬಂದ ಮರ, ಮನೆಯಷ್ಟು ದೊಡ್ಡದು, ಮೂತಿಯ ಮುಂದೆ ಒಂದು ಮಾರು ದೂರದಲ್ಲಿ ಅಡ್ಡ ಹಾಯ್ದು ಹೋಯಿತು. ಬೇರು, ಬಿಳಲು, ಬೊಡ್ಡೆ. ಬೊಡ್ಡೆಯ ಸುತ್ತ ಬಿಳಿ ನೂಲು. ನೂಲಿನ ತುದಿಯಲ್ಲಿ ಹಳದಿ ಬಟ್ಟೆಯ ಚೂರು.

ಕುಸುಮ ಮೊಣಕೈ ಊರಿ ತಲೆ ಎತ್ತಿದ್ದಳು. ಅವಳೂ ನೋಡಿದಳು.

ಮರ ಕತ್ತಲಲ್ಲಿ ಕರಗಿತು. ಆಮೇಲೆ ಮೂತಿಯಿಂದ, ಸಮಾಧಾನವಾಗಿ, ಒಂದೇ ಒಂದು...

ಟಕ್.

ಸಿದರಾಯ ಗಂಟೆ ಹೊಡೆದ. ಠಣ್. ಮುಂದೆ ನಡೆಸಿದ. ಆಚೆ ದಂಡೆಯವರೆಗೂ ಹಾಗೆಯೇ. ಟಕ್... ಠಣ್. ಟಕ್... ಠಣ್. ಅವನು ಅಳುತ್ತಿದ್ದ, ಆದರೆ ಒಂದು ಬಡಿತಕ್ಕೂ ಗಂಟೆ ತಪ್ಪಿಸಲಿಲ್ಲ. ದಂಡೆ ಹತ್ತಿರವಾದಾಗ ಯಂತ್ರ ಕುಂಯ್ ಕುಂಯ್ ಅಂತ ಕೂಗಿತು. ಆಮೇಲೆ ಮೂತಿಯಿಂದ ಏನೂ ಕೇಳಲಿಲ್ಲ.

ಬೆಳಗಾಗುವ ಮೊದಲು ಹೆಣ್ಣು ಕೂಸು ಹುಟ್ಟಿತು. ತಾಯಿಯೂ ಉಳಿದಳು.

ನೀರು ಇಳಿದ ಮೇಲೆ ಕೂಸನ್ನು ಕರೆದುಕೊಂಡು ಬಂದರು. ನಾನು ದಂಡೆಯಲ್ಲಿ ಕಾಯುತ್ತಿದ್ದೆ. ಕುಸುಮ ಇಳಿಯುವ ಮೊದಲು ಮೂತಿಗೆ ಹೋದಳು. ಬಗ್ಗಿ ತಗಡು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅಲ್ಲೇ ಕೂತು ಕೈಯ ಹಸಿರು ಬಳೆಗಳನ್ನು ಒಂದೊಂದಾಗಿ ಬಿಚ್ಚಿ ಹೊಳೆಗೆ ಬಿಟ್ಟಳು.

"ಅತ್ತೀ, ಇನ್ನ ಅವರ ದಿನಾ ಮಾಡೂಣ್ರಿ," ಅಂದಳು. "ಬದಕಿದ್ದಿದ್ರ ಮನಿ ಬಾಗಲಾ ಬಡೀತಿದ್ರು."

ಹೊಳೆವ್ವ ಅಷ್ಟು ತಿಂಗಳಲ್ಲಿ ಮೊದಲ ಸಲ ಬಾಯಿ ಬಿಟ್ಟು ಅತ್ತಳು. ಕೂಸನ್ನು ನನ್ನ ಕೈಗೆ ಕೊಟ್ಟು ನೆಲಕ್ಕೆ ಕೂತುಬಿಟ್ಟಳು. ಕೂಸು ಹಿಡಿದುಕೊಂಡೇ ನಾನೂ ಹೋಗಿ ತಗಡು ನೋಡಿದೆ.

ಹಲಗೆಗೆ ಟೊಂಗೆ ತಾಗಿರಬೇಕು, ಗಾಳಿಗೆ ಹಗ್ಗ ಬಡಿದಿರಬೇಕು ಅನ್ನುವ ಜಾಣರು ಇಲ್ಲೂ ಇಬ್ಬರು ಕೂತಿದ್ದಾರೆ, ಗೊತ್ತು ನನಗೆ. ಲಾಂಚು ಈಗ ಇಲ್ಲ, ಗುಜರಿಗೆ ಹೋಯಿತು. ಯಂತ್ರವನ್ನೂ ಯಾರೋ ಕೊಂಡರು. ಅದರದ್ದೇನೂ ತಪ್ಪಿರಲಿಲ್ಲ, ಕೆಳಗೆ ನೀರು ಆಳವಾಗಿಯೇ ಇತ್ತು. ತಗಡನ್ನು ಮಾತ್ರ ಸಿದರಾಯ ಕಿತ್ತು ತಂದು ಮನೆಯ ಹೊಸ್ತಿಲ ಪಕ್ಕ ಹೊಡೆದಿದ್ದಾನೆ. ಬೆಳಗಾಗಲಿ, ಬೇಕಾದರೆ ಹೋಗಿ ನೋಡಿ ಬನ್ನಿ. ಎಷ್ಟು ಮಳೆಗಾಲ ಕಂಡಿತು ಅದು. ತಗಡೆಲ್ಲ ತುಕ್ಕು ತಿಂದು ಪುಡಿಯಾಗುತ್ತಾ ಬಂದಿದೆ. ನಡುವೆ, ಬಿದಿರಿನ ಬುಡದಷ್ಟು ಅಗಲ, ಒಂದು ದುಂಡನೆಯ ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತದೆ.