ಹನ್ನೆರಡು ನಿಮಿಷ ಮುಂದಿರುವ ಗಡಿಯಾರ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಬಡ್ತಿ ಪಡೆದು ಮಡಕಶಿರಕ್ಕೆ ಹೊರಟಿರುವ ನಮ್ಮ ಚುನಾವಣಾಧಿಕಾರಿ ರುದ್ರಮುನಿ ಸಾರ್ ಅವರೇ, ಅವಿರೋಧವಾಗಿ ಆಯ್ಕೆಯಾದ ಸರ್ಪಂಚ್ ದ್ರಾಕ್ಷಾಯಣಮ್ಮನವರೇ, ಉಪ್ಪಿಟ್ಟಿನ ವಾಸನೆ ಬಂದರೂ ಎದ್ದು ಹೋಗದ ಸಭಿಕರೇ,

ಬೆಳಿಗ್ಗೆ ಹಾರಗಳನ್ನು ತಂದಿಡಲು ಈ ಪಂಚಾಯತಿ ಹಾಲಿಗೆ ಬಂದಿದ್ದೆ. ನೋಡಿದರೆ, ಗೋಡೆಯ ಗಡಿಯಾರ ಈಗಲೂ ಹನ್ನೆರಡು ನಿಮಿಷ ಮುಂದಿದೆ.

ಸಾಹಿತ್ಯ ಓದಿದವಳು, ನಾಲ್ಕು ಒಳ್ಳೆಯ ಮಾತಾಡಲಿ ಎಂದು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಈ ಆಫೀಸಿನ ಕಂಪ್ಯೂಟರಿನ ಮುಂದೆ ದಿನಗೂಲಿಗೆ ಕೂತವಳು ನಾನು. ನೋಡಿ ಅಭ್ಯಾಸ, ಮಾತಾಡಿ ಅಭ್ಯಾಸವಿಲ್ಲ.

ಚುನಾವಣೆ ನಡೆಸುವುದು ಸುಲಭವೇ? ಪೆಟ್ಟಿಗೆ ಹೊರಬೇಕು, ಶಾಯಿ ಹಚ್ಚಬೇಕು, ಎಣಿಸಬೇಕು. ನಮ್ಮ ಸಾರ್ ಇದೊಂದೂ ಇಲ್ಲದೆ ಮುಗಿಸಿದರು. ಒಬ್ಬ ಮತದಾರನನ್ನೂ ಬಿಸಿಲಲ್ಲಿ ನಿಲ್ಲಿಸಲಿಲ್ಲ. ಒಂದು ಜಗಳವಿಲ್ಲ, ಒಂದು ಮತವೂ ಇಲ್ಲ. ಇದಕ್ಕಿಂತ ಶಾಂತಿಯುತ ಚುನಾವಣೆ ಉಂಟೇ?

ನಾಮಪತ್ರಕ್ಕೆ ಅಂದು ಕಡೆಯ ದಿನ, ಸಂಜೆ ಐದರವರೆಗೆ. ನಾಟಿ ಕೂಲಿಗೆ ಹೋಗಿದ್ದ ಚೌಡಕ್ಕ ಕೆಸರುಗಾಲಲ್ಲೇ ಓಡಿಬಂದರು. ಅವರ ನಾಮಪತ್ರ ತುಂಬಿಕೊಟ್ಟವಳು ನಾನೇ.

"ಏ ತಂಗಿ, ಐದಾತು, ಬಾಗಿಲ ಹಾಕು" ಎಂದರು ಸಾರ್.

"ಇನ್ನಾ ಐದಾಗಿಲ್ರಿ ಸಾರ್! ಐದರ ರಾಯದುರ್ಗದ ಬಸ್ಸ ಇನ್ನಾ ಹೋಗಿಲ್ಲ" ಎಂದರು ಚೌಡಕ್ಕ.

"ಬಸ್ಸ ನೋಡಿ ಎಲೆಕ್ಷನ್ ಮಾಡ್ತಾರೇನಮ್ಮ? ಗೋಡೆ ಮ್ಯಾಲೈತಲ್ಲ, ಅದು ಗೌರ್ಮೆಂಟ್ ಟೈಮು."

ಸರ್ಕಾರ ತಡವಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಬೇಗ ಬಂದದ್ದು ಅಂದೇ ಮೊದಲು.

ನನ್ನ ಮೊಬೈಲಿನಲ್ಲಿ ನಾಲ್ಕು ಐವತ್ತು. "ನೀನರ ಹೇಳವ್ವ" ಎಂದರು ಚೌಡಕ್ಕ, ನನ್ನನ್ನೇ ನೋಡುತ್ತ. ನಾನು ಹೇಳಲಿಲ್ಲ. ಬಾಗಿಲು ಹಾಕಿದವಳು... ಕ್ಷಮಿಸಿ, ಬರೆದುಕೊಂಡು ಬಂದ ಭಾಷಣದಲ್ಲಿ ಇದಿಲ್ಲ. ಹಾಕಿದವಳು ನಾನು. ಒಳಗೆ ಉಳಿದದ್ದು ದ್ರಾಕ್ಷಾಯಣಮ್ಮನವರ ನಾಮಪತ್ರ ಒಂದೇ.

ಚೌಡಕ್ಕ ಈಗ ಕೋರ್ಟಿಗೆ ಹೋಗುತ್ತಿದ್ದಾರೆ. ರಾಯದುರ್ಗದ ವಕೀಲರು ಸಾಕ್ಷಿ ಕೇಳಿದ್ದಾರೆ. ಊರಿನಲ್ಲಿ ವಿಚಾರಿಸಿದರೆ, ಆ ದಿನ ಯಾರೂ ಗಡಿಯಾರವನ್ನೇ ನೋಡಿಲ್ಲವಂತೆ. ಎಲ್ಲರಿಗೂ ಅಷ್ಟೊಂದು ಕೆಲಸವಿತ್ತು.

ಸಾರ್, ನಿಮ್ಮ ಹಾರ ಮೇಜಿನ ಮೇಲಿದೆ, ಬೇರೆ ಯಾರಾದರೂ ಹಾಕಲಿ. ನಾಳೆಯಿಂದ ಕಂಪ್ಯೂಟರಿಗೂ ಬೇರೆಯವರನ್ನು ನೋಡಿಕೊಳ್ಳಬೇಕಾಗಬಹುದು. ಗೋಡೆಯ ಗಡಿಯಾರದಲ್ಲಿ ಈಗ ಐದು ದಾಟಿದೆ, ಅದರ ಪ್ರಕಾರ ರಾಯದುರ್ಗದ ಬಸ್ಸು ಹೋಗಿಯಾಯಿತು. ನನ್ನ ಮೊಬೈಲಿನ ಪ್ರಕಾರ ಇನ್ನೂ ಬರಬೇಕು. ಚೌಡಕ್ಕ ಸ್ಟಾಪಿನಲ್ಲಿ ನಿಂತಿದ್ದಾರೆ. ನಾನೂ ಆ ಬಸ್ಸನ್ನೇ ಹತ್ತುತ್ತೇನೆ.

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ಉಪಕಾರವಾಯಿತು. ಎಲ್ಲರಿಗೂ ನಮಸ್ಕಾರ.